ತಿಂಗಳ ಆ ಹತ್ತು ದಿನ



ನಾನು ಡಾಕ್ಟರ್ ಅಲ್ಲ. ಎಂ.ಟೆಕ್ ಓದಿ ಐರೋಲಿಯಲ್ಲಿ ಐಟಿ ಕೆಲಸ ಮಾಡುವವಳು. ಆದರೆ ನನ್ನ ಅನುಭವದಿಂದ ಒಬ್ಬರಿಗಾದರೂ ಉಪಯೋಗವಾದರೆ ಸಂತೋಷ.

ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಥಾಣೆಯಲ್ಲಿ ಗಾಡಿ ಬದಲಿಸುವ ನಮಗೆ ಸುಸ್ತು, ಸಿಟ್ಟು ಹೊಸದಲ್ಲ. ಮುಟ್ಟಿಗೆ ಮುಂಚೆ ಕಾರಣವಿಲ್ಲದೆ ಅಳು ಬಂದರೂ ಗಾಡಿಯ ಗರ್ದಿಯನ್ನೇ ದೂರುತ್ತಿದ್ದೆ. ಮುಟ್ಟು ಒಮ್ಮೆ 28 ದಿನಕ್ಕೆ, ಒಮ್ಮೆ 45 ದಿನಕ್ಕೆ. ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಮೆಡಿಕಲ್‌ನಿಂದ ಗುಳಿಗೆ ತಂದು ಮುಟ್ಟು ಮುಂದೂಡಿದೆ. ನಮ್ಮಲ್ಲಿ ಎಷ್ಟು ಮಂದಿ ಹೀಗೆ ಮಾಡಿಲ್ಲ, ಹೇಳಿ? ಹಬ್ಬವೇನೋ ಮುಗಿಯಿತು. ಮರುದಿನ ಹಾಲು ಚೆಲ್ಲಿದ ಮಗಳ ಮೇಲೆ ಕೈ ಎತ್ತಿದೆ. ಮಗು ಅತ್ತೆಯ ಸೆರಗಿನ ಹಿಂದೆ ಅಡಗಿತು. ಆ ನೋಟವೇ ನನ್ನನ್ನು ಡಾಕ್ಟರ ಹತ್ತಿರ ಕಳಿಸಿತು.

ಅವರು ಮೊದಲು ಔಷಧಿ ಕೊಡಲಿಲ್ಲ, ಎರಡು ತಿಂಗಳು ಡೈರಿ ಬರೆಯಲು ಹೇಳಿದರು. ಆಫೀಸಿನಲ್ಲಿ ಬಗ್ ಹುಡುಕಲು ಲಾಗ್ ನೋಡುವ ನಾನು, ನನ್ನದೇ ಲಾಗ್ ಇಟ್ಟಿರಲಿಲ್ಲ! ಬರೆದಾಗ ಗೊತ್ತಾಯಿತು: ಮುಟ್ಟಿಗೆ ಹತ್ತು ದಿನ ಮುಂಚೆ ಶುರು, ಮುಟ್ಟಾದ ಎರಡು ದಿನಕ್ಕೆ ಮಾಯ. ಇದರ ತೀವ್ರ ರೂಪಕ್ಕೆ ಪಿಎಂಡಿಡಿ ಎನ್ನುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿಗೆ ಸೇರಿಸಿತು. ಇದರಲ್ಲಿ ಹಾರ್ಮೋನ್ ಮಟ್ಟ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಅದರ ಏರಿಳಿತವನ್ನು ಮಿದುಳು ತಾಳಿಕೊಳ್ಳುವುದಿಲ್ಲ.

ಅಂಕೆಯಿಲ್ಲದ ಮುಟ್ಟು ಬೇರೆಯೇ ಪ್ರಶ್ನೆ. ದೊಡ್ಡವರಲ್ಲಿ 21ರಿಂದ 35 ದಿನ ಸಹಜ. ಗರ್ಭ ಇಲ್ಲವೆಂದು ಖಚಿತಪಡಿಸಿ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸೋನೋಗ್ರಫಿ ಮಾಡಿಸಿದರು. ನನಗೆ ಪಿಸಿಓಎಸ್ ಇತ್ತು.

ಎರಡಕ್ಕೂ ಸೇರಿ ಡ್ರೊಸ್ಪಿರೆನೋನ್ ಇರುವ ಗುಳಿಗೆ ಬರೆದರು. ಅತ್ತೆ ಗಾಬರಿಯಾಗಿ, "ಇದು ಮಕ್ಕಳಾಗದ ಗುಳಿಗೆಯಲ್ಲವೇನಮ್ಮ?" ಎಂದರು. ಹೌದು, ಅದೇ. ಅಂಡ ಬಿಡುಗಡೆಯಾಗುವುದನ್ನು ತಡೆದು ಏರಿಳಿತ ಕಡಿಮೆ ಮಾಡುತ್ತದೆ. ಪಿಸಿಓಎಸ್ ವಾಸಿ ಮಾಡುವುದಿಲ್ಲ, ಹತೋಟಿಯಲ್ಲಿಡುತ್ತದೆ. ಆದರೆ ಇದು ಎಲ್ಲರಿಗೂ ಅಲ್ಲ. ಬಿ.ಪಿ., ಕಣ್ಣಿಗೆ ಮಿಂಚು ಕಾಣಿಸುವ ಮೈಗ್ರೇನ್, ಧೂಮಪಾನ, ಮನೆಯವರಲ್ಲಿ ರಕ್ತ ಹೆಪ್ಪುಗಟ್ಟಿದ್ದು ಎಲ್ಲವನ್ನೂ ಡಾಕ್ಟರ್ ಕೇಳಿದರು. ನಾನು ಮೆಡಿಕಲ್‌ನಿಂದ ತಂದಿದ್ದ ನೊರೆಥಿಸ್ಟೆರೋನ್ ಕೂಡ ಹಾರ್ಮೋನೇ, ಕೆಲವರಿಗೆ ಅದರಿಂದ ಮನಸ್ಸು ಕುಗ್ಗುತ್ತದೆ ಎಂದು ಅಂದೇ ತಿಳಿದದ್ದು. ಹಾರ್ಮೋನ್ ಆಗದವರಿಗೆ ಎಸ್‌ಎಸ್‌ಆರ್‌ಐ ಎಂಬ ಮಾತ್ರೆಗಳಿವೆ. ಅವನ್ನು ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಳ್ಳುವ ಕ್ರಮವೂ ಇದೆ.

ಮೊದಲೆರಡು ತಿಂಗಳು ವಾಕರಿಕೆ ಬರುತ್ತಿತ್ತು. ಮೂರನೆಯ ತಿಂಗಳು ಒಂದು ದಿನ ಮಗಳು ಮತ್ತೆ ಹಾಲು ಚೆಲ್ಲಿದಳು. ನಾನು ಬಟ್ಟೆ ತಂದು ಒರೆಸಿದೆ, ಅಷ್ಟೇ.

ಬದುಕೇ ಬೇಡ ಎನಿಸಿದರೆ ಡೈರಿ ತುಂಬುವವರೆಗೆ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಈ ವರ್ಷ ಹಬ್ಬದ ದಿನವೇ ಮುಟ್ಟಾಯಿತು. ಮುಂದೂಡುವ ಗುಳಿಗೆ ತರಲಿಲ್ಲ. ಅತ್ತೆಯೇ ಅಂದರು: "ಶ್ರಾವಣದಲ್ಲಿ ಇನ್ನೊಂದು ಶುಕ್ರವಾರ ಇದೆಯಲ್ಲಮ್ಮ, ಆಗ ಮಾಡೋಣ."