ನೆರೆಯವರ ಗುಂಡಿ, ನಮ್ಮ ಗೋಡೆ



ರೋಣ, ನರಗುಂದದ ಎರೆಮಣ್ಣು ನೀರುಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. 2019ರಲ್ಲಿ ನರಗುಂದದ ಮನೆಗಳೊಳಗೇ ನೆಲ ಕುಸಿಯಿತು. ಹಳೆಯ ಹಗೇವುಗಳೂ ಏರಿದ ಅಂತರ್ಜಲವೂ ಕಾರಣವೆಂದರು. ಇಂಥ ನೆಲದಲ್ಲಿ ಮಗ್ಗುಲಿನವರು ನಮ್ಮ ಬುನಾದಿಗಿಂತ ಆಳಕ್ಕೆ ಅಗೆದರೆ ಗೋಡೆ ನಿಂತೀತೆ?

ಕಾನೂನು ನಮ್ಮ ಕೈಬಿಟ್ಟಿಲ್ಲ. ಕಟ್ಟಡವು ಹಕ್ಕಿನಿಂದ, ತಡೆಯಿಲ್ಲದೆ 20 ವರ್ಷ ನೆರೆನೆಲದ ಆಸರೆ ಪಡೆದಿದ್ದರೆ, 1882ರ ಈಸ್‌ಮೆಂಟ್ ಕಾಯ್ದೆಯಂತೆ ಆ ಆಸರೆ ನಮ್ಮ ಹಕ್ಕು.

ಅಗೆತಕ್ಕೆ ಮೊದಲೇ ಗೋಡೆಯ ಫೋಟೋ ತೆಗೆಸಿ, ಬರಹದಲ್ಲಿ ನೋಟೀಸು ಕೊಡೋಣ. ಗೋಡೆಯುದ್ದಕ್ಕೂ ಒಮ್ಮೆಲೇ ತೋಡದೆ ತುಂಡುತುಂಡಾಗಿ ತೋಡಿ, ಆನಿಕೆ ಕೊಟ್ಟು, ಮಳೆನೀರು ನಿಲ್ಲುವ ಮೊದಲೇ ಕಟ್ಟಿ ಮುಗಿಸಲು ಕೇಳೋಣ. ಒಪ್ಪದಿದ್ದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಬೇಡೋಣ. ನಾವು ಅಗೆಯುವಾಗಲೂ ಇದೇ ನ್ಯಾಯ.

ಗೋಡೆ ಬಿದ್ದ ಮೇಲೆ ಬರುವ ಪರಿಹಾರವು ಗಜೇಂದ್ರಗಡದ ನೇಕಾರನ ಮಗ್ಗವನ್ನು ಮರುದಿನವೇ ನಡೆಸದು.