ಸಾಷ್ಟಿಯ ನೆಲ, ಗೋವೆಯ ಪಾದ್ರಿ

ಕಾನೂನು ಪದವಿ ಪಡೆದು ಹೊರಡುತ್ತಿರುವ ಗೆಳೆಯರೇ,

ನಿಮ್ಮಲ್ಲಿ ಬಹಳ ಮಂದಿ ಅಂಧೇರಿ, ಕುರ್ಲಾ, ಬೊರಿವಲಿ ಕಡೆಯಿಂದ ಲೋಕಲ್ ಹಿಡಿದು ಬಂದವರು. ಆ ಉಪನಗರಗಳು ನಿಂತಿರುವ ಸಾಷ್ಟಿ ದ್ವೀಪದ ಹಳೆಯ ಕಾಗದಪತ್ರಗಳನ್ನು ಒಮ್ಮೆ ಬಿಡಿಸಿ ನೋಡಿ. 1534ರಲ್ಲಿ ಗುಜರಾತಿನ ಬಹಾದ್ದೂರ್ ಷಾ ಅದನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1737ರಲ್ಲಿ ಮರಾಠರು ಠಾಣೆ ಗೆದ್ದರು. ಎರಡು ವರ್ಷದ ಮೇಲೆ ಚಿಮಾಜಿ ಅಪ್ಪನ ಸೇನೆಗೆ ವಸಾಯಿ ಕೋಟೆಯೂ ಬಿತ್ತು. 1774ರ ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಠಾಣೆ ಕೋಟೆಗೆ ನುಗ್ಗಿತು. ಮರಾಠರ ರಘುನಾಥರಾಯನ ಜೊತೆ ಸೂರತ್ ಒಪ್ಪಂದವಾದದ್ದು 1775ರಲ್ಲಿ, ಸಾಲ್‌ಬಾಯಿ ಒಪ್ಪಂದ 1782ರಲ್ಲಿ. ಹಿಡಿದದ್ದು ಮೊದಲು, ಬರೆಸಿಕೊಂಡದ್ದು ಆಮೇಲೆ. ಗೆದ್ದವನದೇ ನೆಲ ಎಂಬುದು ಅಂದಿನ ನ್ಯಾಯ.

ನೀವು ಓದಿದ ನ್ಯಾಯ ಬೇರೆ. 1907ರ ಹೇಗ್ ನಿಯಮಗಳ ಪ್ರಕಾರ, ಶತ್ರುಸೇನೆಯ ಹತೋಟಿಗೆ ಬಂದ ನೆಲದಲ್ಲಿ ಸೇನೆಗೆ ಆಡಳಿತದ ಹೊಣೆ ಬರುತ್ತದೆಯೇ ಹೊರತು ಒಡೆತನ ಬರುವುದಿಲ್ಲ. ತೀರಾ ಅನಿವಾರ್ಯವಾಗದಿದ್ದರೆ ಅಲ್ಲಿನ ಕಾನೂನನ್ನು ಮುಟ್ಟುವಂತಿಲ್ಲ. ಸರಕಾರಿ ಕಾಡು, ಜಮೀನುಗಳ ಮಟ್ಟಿಗೆ ಆ ಸೇನೆ ನಮ್ಮ ಕರಾವಳಿಯ ಹಳೆಗಾಲದ ಗೇಣಿದಾರನಿದ್ದಂತೆ: ಕಾಯಿ ಕೀಳಬಹುದು, ಮರ ಕಡಿದು ಮಾರುವಂತಿಲ್ಲ. 1949ರ ಜಿನೀವಾ ಒಡಂಬಡಿಕೆ ಇನ್ನೂ ಮುಂದೆ ಹೋಯಿತು. ಅಲ್ಲಿನವರನ್ನು ಗಡೀಪಾರು ಮಾಡಬಾರದು, ತನ್ನವರನ್ನು ತಂದು ನೆಲೆಯೂರಿಸಬಾರದು. ‘ಇದು ಇನ್ನು ನನ್ನದು’ ಎಂದು ಘೋಷಿಸಿದ ಮಾತ್ರಕ್ಕೆ ಈ ರಕ್ಷಣೆ ತಪ್ಪುವುದೂ ಇಲ್ಲ.

ಈ ಮಾತನ್ನು ನಮ್ಮದೇ ಸರಕಾರದ ಎದುರು ಹಿಡಿದು ನಿಂತವರು ಗೋವೆಯ ಒಬ್ಬ ಪಾದ್ರಿ. 1961ರ ಡಿಸೆಂಬರ್ 18ರಂದು ನಮ್ಮ ಸೇನೆ ಗೋವೆಗೆ ಇಳಿಯಿತು. ಕಾರವಾರದೆದುರಿನ ಅಂಜುದೀವ್ ದ್ವೀಪಕ್ಕೆ ಹೋದ ಹಡಗುಗಳಲ್ಲಿ ಐಎನ್‌ಎಸ್ ಮೈಸೂರು ಕೂಡ ಇತ್ತು. ಮರುದಿನವೇ ಪೋರ್ಚುಗೀಸ್ ಗವರ್ನರ್ ಶರಣಾದ. ಸಂವಿಧಾನದ 12ನೇ ತಿದ್ದುಪಡಿ ಗೋವೆಯನ್ನು ಡಿಸೆಂಬರ್ 20ರಿಂದಲೇ ಭಾರತಕ್ಕೆ ಸೇರಿಸಿತು. ಆ ಪಾದ್ರಿ, ಫಾದರ್ ಮೊಂತೆರೊ, ಭಾರತದ ಪೌರತ್ವ ಬೇಡವೆಂದು ಪೋರ್ಚುಗೀಸ್ ಪ್ರಜೆಯಾಗಿಯೇ ಉಳಿದರು. ವಾಸದ ಪರವಾನಗಿ 1964ರಲ್ಲಿ ಮುಗಿಯಿತು, ನವೀಕರಣಕ್ಕೆ ಅರ್ಜಿ ಹಾಕಲಿಲ್ಲ. ದೇಶ ಬಿಡಿ ಎಂದರೂ ಬಿಡಲಿಲ್ಲ. ಮೊಕದ್ದಮೆಯಾದಾಗ ಅವರ ವಾದ ನೇರವಾಗಿತ್ತು: ಗೋವೆ ಆಕ್ರಮಿತ ಪ್ರದೇಶ, ಜಿನೀವಾ ಒಡಂಬಡಿಕೆಗೆ ನಮ್ಮ ಸಂಸತ್ತೇ 1960ರಲ್ಲಿ ಕಾಯ್ದೆ ಮಾಡಿದೆ, ನನ್ನನ್ನು ಹೊರಹಾಕುವಂತಿಲ್ಲ.

1969ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ತೀರ್ಪು ಆಕ್ರಮಣದ ವಶಕ್ಕೂ ಪೂರ್ಣ ಸೇರ್ಪಡೆಗೂ ಗೆರೆ ಎಳೆಯಿತು. ಕದನ ಮುಗಿದು, ಎದುರಾಳಿ ಸೋತು, ನೆಲ ನಿಜವಾಗಿ ಸೇರಿಹೋದ ಮೇಲೆ ‘ಆಕ್ರಮಿತ’ ಎಂಬ ಸ್ಥಿತಿಯೇ ಉಳಿಯದು, ಅದರ ರಕ್ಷಣೆಯೂ ಉಳಿಯದು ಎಂದಿತು.

ಫಲಿತಾಂಶದ ಬಗ್ಗೆ ನನಗೆ ತಕರಾರಿಲ್ಲ. ದಾರಿಯ ಬಗ್ಗೆ ಇದೆ. ಗೆದ್ದು ಸೇರಿಸಿಕೊಂಡದ್ದರಿಂದ ಹಕ್ಕು ಬಂತು ಎನ್ನುವ ತರ್ಕ ಸಾಷ್ಟಿಯ ಕಾಲದ್ದು. ನಾಳೆ ಯಾವ ಬಲಿಷ್ಠನಾದರೂ ಅದನ್ನು ಎತ್ತಿಕೊಳ್ಳಬಲ್ಲ. ವಸಾಹತುಗಳಿಗೆ ಸ್ವಾತಂತ್ರ್ಯ ಸಿಗಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 1960ರ ಡಿಸೆಂಬರಿನಲ್ಲೇ ಘೋಷಿಸಿತ್ತು. ಗೋವೆ ಪೋರ್ಚುಗಲ್ಲಿನ ನೆಲವಾಗಿರಲಿಲ್ಲ, ಅದು ಹಿಡಿದಿಟ್ಟ ವಸಾಹತು. ತೀರ್ಪಿನ ಭಾರ ಆ ಕಂಬದ ಮೇಲೆ ಬಿದ್ದಿದ್ದರೆ, ಇಂದು ಉಕ್ರೇನ್ ಅಥವಾ ಪಶ್ಚಿಮ ದಂಡೆಯ ಬಗ್ಗೆ ಮಾತಾಡುವಾಗ ಭಾರತದ ವಕೀಲನಿಗೆ ಗಂಟಲು ಕಟ್ಟುತ್ತಿರಲಿಲ್ಲ. ಗೋವೆ ಭಾರತದ್ದೆಂದು ಪೋರ್ಚುಗಲ್ ಕೂಡ 1974ರ ಕೊನೆಗೆ ಸಹಿ ಹಾಕಿ ಒಪ್ಪಿಕೊಂಡಿತು. ಅಷ್ಟರಲ್ಲಿ ಅಲ್ಲಿ ಸರ್ವಾಧಿಕಾರವೇ ಬಿದ್ದಿತ್ತು.

ಇದೆಲ್ಲ ಹಳೆಯ ಕಡತ ಎಂದುಕೊಳ್ಳಬೇಡಿ. ಮುಂಬಯಿ ಹೈಕೋರ್ಟಿಗೆ ಗೋವೆಯಲ್ಲೊಂದು ಪೀಠವಿದೆ, ನಿಮ್ಮಲ್ಲಿ ಕೆಲವರು ಅಲ್ಲಿ ವಕಾಲತ್ತು ಹಾಕುತ್ತೀರಿ. ಪೋರ್ಚುಗೀಸರು ಕೊಟ್ಟ ಗಣಿ ಹಕ್ಕುಗಳನ್ನು ಸಂಸತ್ತು 1987ರ ಕಾಯ್ದೆಯಿಂದ ರದ್ದುಮಾಡಿ ಗುತ್ತಿಗೆಗಳೆಂದು ಘೋಷಿಸಿತು. ಎಂದಿನಿಂದ ಜಾರಿ ಗೊತ್ತೇ? 1961ರ ಡಿಸೆಂಬರ್ 20ರಿಂದ.