ಕೊಳ್ಳುವ ಮುಂಚೆ ಲೆಕ್ಕ ಹಾಕೋಣ



ಯಾದಗಿರಿ, ಶಹಾಪುರ, ಸುರಪುರ ಕಡೆಯ ಅಕ್ಕಂದಿರು ಇಲ್ಲಿ ಕೂಡಿದ್ದೀರಿ. ನೀವು ಈಗ ಓದಲು ಕಲಿತಿದ್ದೀರಿ. ಕೂಡುವುದು, ಕಳೆಯುವುದು, ಗುಣಿಸುವುದು ನಿಮಗೆ ಬಂದಿದೆ. ಈ ವಿದ್ಯೆಯನ್ನು ಇವತ್ತು ಸಂತೆಗೆ ಒಯ್ಯೋಣ.

ನಮ್ಮ ಭಾಗದಾಗ ತೊಗರಿ, ಜೋಳ, ಹತ್ತಿ ಬೆಳೀತೀವಿ. ಕಾಲುವೆ ನೀರು ಬಂದ ಕಡೆ ಭತ್ತ ಬೆಳೀತೀವಿ. ಮಳೆ ಕೈಕೊಟ್ಟರೆ ಬೆಂಗಳೂರಿಗೆ, ಮುಂಬೈಗೆ ದುಡಿಯಲು ಹೋಗ್ತೀವಿ. ಹಾಗೆ ಬೆವರು ಸುರಿಸಿ ತಂದ ರೂಪಾಯಿ ಎಲ್ಲಿ ಹೋಗುತ್ತದೆ? ದೊಡ್ಡ ಖರ್ಚು ಕಣ್ಣಿಗೆ ಕಾಣುತ್ತದೆ. ಸಣ್ಣ ಖರ್ಚು ಕಾಣುವುದಿಲ್ಲ.

ಶಾಂಪೂ ಪಾಕೀಟನ್ನೇ ನೋಡಿರಿ. ಒಂದಕ್ಕೆ 2 ರೂಪಾಯಿ ಅಂತ ಇಟ್ಟುಕೊಳ್ಳೋಣ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಒಬ್ಬೊಬ್ಬರಿಗೆ ವಾರಕ್ಕೆ 2 ಪಾಕೀಟು. ಒಟ್ಟು 6 ಪಾಕೀಟು. ವಾರಕ್ಕೆ 12 ರೂಪಾಯಿ ಆಯಿತು. ವರ್ಷಕ್ಕೆ 52 ವಾರ. ಗುಣಿಸಿ ನೋಡಿರಿ. 624 ರೂಪಾಯಿ! ಇದು ಒಂದೇ ಸಾಮಾನಿನ ಲೆಕ್ಕ.

ಇದಕ್ಕೆ ಬದಲಿ ಇದೆ. ಅದು ಅಂಟುವಾಳ ಕಾಯಿ. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಹತ್ತು ಕಾಯಿ ಒಡೆದು ಬೀಜ ತೆಗೆಯಿರಿ. ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ರಾತ್ರಿ ನೆನೆ ಹಾಕಿರಿ. ಬೆಳಿಗ್ಗೆ ಹತ್ತು ನಿಮಿಷ ಕುದಿಸಿರಿ. ಆರಿದ ಮೇಲೆ ಕಿವುಚಿ, ಬಟ್ಟೆಯಲ್ಲಿ ಸೋಸಿರಿ. ಇದರಿಂದ ತಲೆ ತೊಳೆಯಬಹುದು. ರೇಷ್ಮೆ ಸೆರಗಿನ ಇಳಕಲ್ ಸೀರೆಯನ್ನೂ ಒಗೆಯಬಹುದು. ಗಡಸು ನೀರಿನಾಗ ಸಾಬೂನು ನೊರೆ ಬಿಡುವುದಿಲ್ಲ, ಬೇಗ ಸವೆಯುತ್ತದೆ. ಅಂಟುವಾಳ ಗಡಸು ನೀರಿನಾಗೂ ನೊರೆ ಕೊಡುತ್ತದೆ.

ಎರಡು ಮಾತು ನೆನಪಿಡಿರಿ. ಇದು ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಸೋಸಿದ ನೀರು ಬೇಗ ಕೆಡುತ್ತದೆ. ಆದ್ದರಿಂದ ಬೇಕಾದಷ್ಟೇ ಮಾಡಿಕೊಳ್ಳಿರಿ.

ಕಾಯಿಗೂ ದುಡ್ಡು ಕೊಡಬೇಕಲ್ರೀ, ಅಂತ ಕೇಳಬಹುದು. ಹೌದು, ಕೊಡಬೇಕು. 624ರಲ್ಲಿ ಕಾಯಿಯ ಖರ್ಚು ಕಳೆಯಿರಿ. ಉಳಿದದ್ದೇ ನಿಮ್ಮ ಲಾಭ.

ಇನ್ನು ಒಲೆಯ ಮಾತು. ಕಟ್ಟಿಗೆ ತರಲು ದೂರ ನಡೆಯಬೇಕು. ಗ್ಯಾಸ್ ತುಂಬಿಸಲು ದುಡ್ಡು ಬೇಕು. ಕೇರಳದ ಎರ್ನಾಕುಲಂ 1990ರಲ್ಲಿ ಪೂರ್ಣ ಸಾಕ್ಷರ ಜಿಲ್ಲೆ ಆಯಿತು. ಅಲ್ಲಿ ಅಕ್ಷರ ಕಲಿಸಲು ಮುಂದೆ ನಿಂತದ್ದು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು. ಅದೇ ಪರಿಷತ್ತು ಬಿಸಿ ಹಿಡಿದಿಡುವ ಪೆಟ್ಟಿಗೆಯನ್ನು ಜನರಿಗೆ ತೋರಿಸಿಕೊಟ್ಟಿತು. ಅನ್ನ ಒಂದು ಕುದಿ ಬಂದ ಮೇಲೆ ಗಡಿಗೆಯನ್ನು ಪೆಟ್ಟಿಗೆಯಲ್ಲಿ ಇಡುವುದು. ಒಳಗಿನ ಬಿಸಿಯಿಂದಲೇ ಅನ್ನ ಬೇಯುತ್ತದೆ.

ಅಂಥ ಪೆಟ್ಟಿಗೆ ನಾವೂ ಮಾಡಬಹುದು. ಒಂದು ದೊಡ್ಡ ಬುಟ್ಟಿ ತೆಗೆದುಕೊಳ್ಳಿರಿ. ಒಳಗೆ ಒಣ ಹುಲ್ಲು ದಪ್ಪಗೆ ಹಾಸಿರಿ. ಅದರ ಮೇಲೆ ಹಳೆಯ ಕೌದಿ ಹಾಕಿರಿ. ತೊಗರಿಬೇಳೆ ಅರ್ಧ ತಾಸು ನೆನೆಸಿ, ಹದಿನೈದು ನಿಮಿಷ ಚೆನ್ನಾಗಿ ಕುದಿಸಿರಿ. ಕುದಿಯುವ ಪಾತ್ರೆಯ ಬಾಯಿ ಮುಚ್ಚಿ ಬುಟ್ಟಿಯಲ್ಲಿ ಇಡಿರಿ. ಮೇಲೆ ಇನ್ನೊಂದು ಕೌದಿ ಬಿಗಿಯಾಗಿ ಹೊದಿಸಿರಿ. ನಡುವೆ ತೆರೆದು ನೋಡಬಾರದು. ಎರಡು ತಾಸಿಗೆ ಬೇಳೆ ಬೆಂದಿರುತ್ತದೆ. ಕೌದಿ ನಮಗೆ ಚಳಿ ತಡೆಯುತ್ತದೆ. ಅದೇ ಕೌದಿ ಬೇಳೆಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ಹುಲ್ಲಿನ ಬುಟ್ಟಿ ಒಲೆಯಿಂದ ದೂರ ಇರಲಿ. ಬಿಸಿ ಇರುವಾಗಲೇ ಉಣ್ಣಿರಿ. ಆರಿದರೆ ಮತ್ತೆ ಕುದಿಸಿರಿ.

ಆದರೆ ಎಲ್ಲವನ್ನೂ ಮನೆಯಲ್ಲಿ ಮಾಡಬಾರದು. ಸಾಬೂನಿಗೆ ಹಾಕುವ ಕಾಸ್ಟಿಕ್ ಸೋಡಾ ಮೈ ಸುಡುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ತರಬೇತಿ ಇಲ್ಲದೆ ಅದನ್ನು ಮುಟ್ಟಬೇಡಿರಿ. ತಂಬಾಕು ಹುರಿದು ಮಾಡುವ ಮಿಶ್ರಿಯಿಂದ ಹಲ್ಲು ತಿಕ್ಕಬೇಡಿರಿ. ತಂಬಾಕಿನಿಂದ ಬಾಯಿ ಹುಣ್ಣು, ಕ್ಯಾನ್ಸರ್ ಬರುತ್ತದೆ. ಬೇವಿನ ಕಡ್ಡಿ ಅದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಲೆಕ್ಕ ಇದೆ. ಅದನ್ನು ಯಾರೂ ಬರೆಯುವುದಿಲ್ಲ. ಅದು ನಮ್ಮ ವೇಳೆಯ ಲೆಕ್ಕ. ‘ಮನೆಯಾಗೇ ಮಾಡು’ ಅಂತ ಹೇಳುವುದು ಸುಲಭ. ಮಾಡುವವರು ಯಾರು? ಹೊಲದ ಕೆಲಸ ನಮ್ಮದು. ನೀರು ತರುವ ಕೆಲಸ ನಮ್ಮದು. ಅದರ ಮೇಲೆ ಇದೂ ನಮ್ಮ ತಲೆ ಮೇಲೆ ಬಂದರೆ, ದುಡ್ಡು ಉಳಿದೀತು, ಮೈ ಸವೆದೀತು. ಅದಕ್ಕೇ ವೇಳೆ ಉಳಿಸುವ ಸಾಮಾನನ್ನು ಮೊದಲು ಮಾಡಿರಿ. ಬುಟ್ಟಿಯಲ್ಲಿ ಬೇಳೆ ತಾನೇ ಬೇಯುತ್ತದೆ. ಆ ಹೊತ್ತಿನಾಗ ನೀವು ಪುಸ್ತಕ ಓದಬಹುದು. ಅಂಟುವಾಳದ ಬೀಜ ತೆಗೆಯಲು ಗಂಡಸರಿಗೂ ಕೈ ಇವೆ. ಬಹಳ ವೇಳೆ ತಿನ್ನುವ ಸಾಮಾನನ್ನು ಕೊಂಡು ತಂದರೆ ತಪ್ಪಿಲ್ಲ.

ಕೊಳ್ಳುವಾಗ ಪಾಕೀಟು ತಿರುಗಿಸಿ ನೋಡಿರಿ. ತೂಕ, ಬೆಲೆ, ತಯಾರಾದ ತಿಂಗಳು ಅಚ್ಚಾಗಿರುತ್ತವೆ. ಅಕ್ಷರ ಇಂಗ್ಲಿಷಿನಲ್ಲಿ ಇರಬಹುದು. ಆದರೆ ಅಂಕಿ ನಿಮಗೆ ಬರುತ್ತವೆ. ಅಚ್ಚಾದ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿರಿ.

ಕೊನೆಯ ಮಾತು. ಉಳಿದ ದುಡ್ಡು ಮತ್ತೆ ಬೇರೆಯವರ ಜೇಬು ಸೇರಬಾರದು. ಸಂಘದಲ್ಲಿ ನಿಮ್ಮ ಹೆಸರಿಗೆ ಕಟ್ಟಿರಿ. ಬರೆದದ್ದನ್ನು ನೀವೇ ಓದಿರಿ. ಮೊತ್ತವನ್ನು ನೀವೇ ಕೂಡಿ ನೋಡಿರಿ. ಹೆಬ್ಬೆಟ್ಟು ಒತ್ತಬೇಡಿರಿ, ಸಹಿ ಮಾಡಿರಿ.



ಬರೆಯಿರಿ: ಈ ವಾರ ಸಂತೆಯಲ್ಲಿ ಏನೇನು ಕೊಂಡಿರಿ? ಒಟ್ಟು ಎಷ್ಟು ರೂಪಾಯಿ ಆಯಿತು?

ಚರ್ಚಿಸಿರಿ: ಅವುಗಳಲ್ಲಿ ಯಾವುದನ್ನು ಮನೆಯಲ್ಲಿ ಮಾಡಬಹುದು? ಯಾರು ಯಾರು ಕೈಜೋಡಿಸಬೇಕು?